ಬಡಗಿ ಕೃಷ್ಣ ಪಾಲ್ ಬ್ಯಾಪ್ಟಿಸ್ಟ್ ಬೋಧಕರಾದದ್ದು ಹೇಗೆ? ಅವರ ಹಾಡು ಎಲ್ಲಿಂದ ಬಂತು?

ನಾಗಾಲ್ಯಾಂಡಿನಲ್ಲಿ ಚುನಾವಣೆ ಬಂದಾಗಲೆಲ್ಲ 'ಬ್ಯಾಪ್ಟಿಸ್ಟ್ ಚರ್ಚ್' ಎಂಬ ಮಾತು ಸುದ್ದಿಯಲ್ಲಿ ಬರುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಓದುವಾಗಲೂ ಅವರು ಬ್ಯಾಪ್ಟಿಸ್ಟ್ ಪಾದ್ರಿ ಎಂದಿರುತ್ತದೆ. ಬೆಂಗಳೂರಿನಲ್ಲಿ ಓದುವ, ಕೆಲಸ ಮಾಡುವ ಈಶಾನ್ಯದ ಹುಡುಗ ಹುಡುಗಿಯರನ್ನು ಕೇಳಿದರೆ 'ನಾವು ಬ್ಯಾಪ್ಟಿಸ್ಟ್' ಎನ್ನುವವರು ಬೇಕಾದಷ್ಟು ಸಿಗುತ್ತಾರೆ. ಆದರೆ ಆ ಪದದ ಅರ್ಥವೇನು ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕೆ ಕಾರಣವೂ ಇದೆ. ಕರ್ನಾಟಕಕ್ಕೆ ಬಂದವರು ಹೆಚ್ಚಾಗಿ ಕ್ಯಾಥೊಲಿಕ್ ಪಾದ್ರಿಗಳು, ಬಾಸೆಲ್ ಮಿಶನ್ನಿನವರು, ಲಂಡನ್ ಮಿಶನ್ನಿನವರು, ವೆಸ್ಲಿಯನ್ನರು. ಬ್ಯಾಪ್ಟಿಸ್ಟರ ಕಥೆ ನಡೆದದ್ದು ಬಂಗಾಳದಲ್ಲಿ.

ಆ ಕಥೆಯನ್ನು ಒಬ್ಬ ಮನುಷ್ಯನ ಮೂಲಕ ನೋಡೋಣ. ಹೆಸರು ಕೃಷ್ಣ ಪಾಲ್. ಕಸುಬು ಮರಗೆಲಸ. ಮುಂದೆ ಅವರು ಬೋಧಕರಾದರು, ಬಂಗಾಳಿಯಲ್ಲಿ ಹಾಡು ಕಟ್ಟಿದರು. ಅದರಲ್ಲೊಂದು ಹಾಡು ಇಂಗ್ಲಿಷಿಗೂ ಹೋಯಿತು.

ಬ್ಯಾಪ್ಟಿಸ್ಟ್ ಅಂದರೆ ಯಾರು?

ಕ್ರೈಸ್ತರಲ್ಲಿ ದೀಕ್ಷಾಸ್ನಾನ ಎಂಬ ಒಂದು ವಿಧಿ ಇದೆ. ನೀರಿನ ಮೂಲಕ ಒಬ್ಬರನ್ನು ಸಭೆಗೆ ಸೇರಿಸಿಕೊಳ್ಳುವುದು ಅಂತ ಸರಳವಾಗಿ ಹೇಳಬಹುದು. ಕ್ಯಾಥೊಲಿಕರಲ್ಲಿ, ಸಿಎಸ್‌ಐ (ದಕ್ಷಿಣ ಭಾರತದ ಚರ್ಚ್) ಸಭೆಯಲ್ಲಿ ಇದನ್ನು ಹಸುಗೂಸಿಗೂ ಮಾಡುತ್ತಾರೆ. ನಮ್ಮ ನಾಮಕರಣದ ಹಾಗೆ ಅಂದುಕೊಳ್ಳಿ. ಮಗುವಿಗೆ ಏನೂ ಗೊತ್ತಿರುವುದಿಲ್ಲ, ತಂದೆ ತಾಯಿ ಅದರ ಪರವಾಗಿ ಮಾತು ಕೊಡುತ್ತಾರೆ.

ಬ್ಯಾಪ್ಟಿಸ್ಟರು ಇದನ್ನು ಒಪ್ಪುವುದಿಲ್ಲ. ನಂಬಿಕೆ ಅನ್ನುವುದು ಒಬ್ಬರ ಪರವಾಗಿ ಇನ್ನೊಬ್ಬರು ಇಟ್ಟುಕೊಳ್ಳುವಂಥದ್ದಲ್ಲ ಎನ್ನುವುದು ಅವರ ಮಾತು. ಬುದ್ಧಿ ತಿಳಿದ ಮೇಲೆ, ಎಲ್ಲರೆದುರು 'ನಾನು ನಂಬಿದ್ದೇನೆ' ಎಂದು ತಾನೇ ಹೇಳಬೇಕು. ಆಮೇಲೆ ನೀರಿಗಿಳಿದು ಪೂರ್ತಿ ಮುಳುಗಿ ಏಳಬೇಕು. ಅಯ್ಯಪ್ಪನ ಮಾಲೆಯನ್ನು ನೆನೆಸಿಕೊಳ್ಳಿ. ಮನೆಯವರು ಹಾಕಿಕೊಂಡರು ಅಂತ ನನಗೆ ವ್ರತ ಬರುವುದಿಲ್ಲ, ನಾನೇ ಮನಸ್ಸು ಮಾಡಿ ಹಾಕಿಕೊಳ್ಳಬೇಕು. ಎರಡೂ ಒಂದೇ ಅಂತ ಅಲ್ಲ. 'ತಾನೇ ತೀರ್ಮಾನಿಸುವುದು' ಎಂಬ ಅಂಶ ಮಾತ್ರ ಎರಡರಲ್ಲೂ ಇದೆ.

ಇವರ ಬೇರು ಇಂಗ್ಲೆಂಡಿನಲ್ಲಿದೆ. ಸರ್ಕಾರಿ ಚರ್ಚನ್ನು ಒಪ್ಪದ ಒಂದು ಸಣ್ಣ ಗುಂಪು ಹಾಲೆಂಡಿಗೆ ಹೋಗಿ ನೆಲೆಸಿತು. ಅಲ್ಲಿ 1609ರಲ್ಲಿ ಮೊದಲ ಸಭೆ ಶುರುವಾಯಿತು. ಮೇಲಿನಿಂದ ಆಳುವ ಬಿಷಪ್ ಇವರಲ್ಲಿ ಇರಲಿಲ್ಲ. ಒಂದೊಂದು ಊರಿನ ಸಭೆಯೂ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳುತ್ತಿತ್ತು, ತನ್ನ ಬೋಧಕನನ್ನು ತಾನೇ ಆರಿಸುತ್ತಿತ್ತು. ಹೀಗಾಗಿ ಯೂನಿವರ್ಸಿಟಿ ಮೆಟ್ಟಿಲು ಹತ್ತದ ಕಸುಬುದಾರರಿಗೂ ಬೋಧಕರಾಗಲು ದಾರಿ ಇತ್ತು. ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಮೊದಲು ಚಪ್ಪಲಿ ಹೊಲಿಯುತ್ತಿದ್ದವರು. ಅವರ ಜೊತೆಗಾರ ವಿಲಿಯಂ ವಾರ್ಡ್ ಅಚ್ಚುಕೂಟದ ಕೆಲಸಗಾರರು. ಜೋಶುವಾ ಮಾರ್ಶ್‌ಮನ್ ನೇಕಾರರ ಮಗ, ಶಾಲೆಯ ಮೇಷ್ಟ್ರು. ಇದನ್ನು ನೆನಪಿಟ್ಟುಕೊಂಡರೆ ಒಬ್ಬ ಬಡಗಿ ಬೋಧಕರಾದದ್ದು ಹೇಗೆ ಅನ್ನುವುದು ಅರ್ಧ ಅರ್ಥವಾದ ಹಾಗೆ.

ಸೆರಾಂಪುರವೇ ಯಾಕೆ?

ಕಲ್ಕತ್ತದ ಉತ್ತರಕ್ಕೆ, ಹೂಗ್ಲಿ ನದಿಯ ಪಶ್ಚಿಮ ದಂಡೆಯಲ್ಲಿ ಸೆರಾಂಪುರ ಇದೆ. ಅಲ್ಲಿನವರು ಶ್ರೀರಾಮಪುರ ಎನ್ನುತ್ತಾರೆ. 1755ರಿಂದ 1845ರವರೆಗೆ ಅದು ಡೆನ್ಮಾರ್ಕಿನವರ ಕೈಯಲ್ಲಿತ್ತು. ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ಮಿಶನರಿಗಳು ಅಂದರೆ ಆಗುತ್ತಿರಲಿಲ್ಲ. ಧರ್ಮದ ವಿಷಯಕ್ಕೆ ಕೈ ಹಾಕಿದರೆ ಜನ ಸಿಟ್ಟಾಗುತ್ತಾರೆ, ವ್ಯಾಪಾರ ಕೆಡುತ್ತದೆ ಎಂಬ ಭಯ.

ಕೇರಿ 1793ರಲ್ಲೇ ಬಂಗಾಳಕ್ಕೆ ಬಂದಿದ್ದರು. ಮಾಲ್ಡಾ ಕಡೆ, ಗಿಡದಿಂದ ನೀಲಿ ಬಣ್ಣ ತೆಗೆಯುವ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಭಾಷೆ ಕಲಿಯುತ್ತಿದ್ದರು. 1799ರಲ್ಲಿ ಮಾರ್ಶ್‌ಮನ್ ಮತ್ತು ವಾರ್ಡ್ ಬಂದಾಗ ಕಂಪನಿಯ ಕೈಗೆ ಸಿಗದಿರಲೆಂದು ಡೇನಿಶರ ಊರಿನಲ್ಲಿ ಇಳಿದರು. 1800ರ ಜನವರಿಯಲ್ಲಿ ಕೇರಿಯೂ ಅಲ್ಲಿಗೇ ಬಂದು ಸೇರಿಕೊಂಡರು. ಅದೇ ವರ್ಷ ಅಚ್ಚುಕೂಟ ಶುರುವಾಯಿತು. ಆದರೆ ಏಳು ವರ್ಷ ಬಂಗಾಳದಲ್ಲಿದ್ದರೂ ಕೇರಿಯ ಮಾತು ಕೇಳಿ ದೀಕ್ಷೆ ಪಡೆದ ಬಂಗಾಳಿ ಒಬ್ಬರೂ ಇರಲಿಲ್ಲ.

ಕೀಲು ತಪ್ಪಿದ ತೋಳು

ಕೃಷ್ಣ ಪಾಲ್ ಹುಟ್ಟಿದ್ದು 1764ರ ಸುಮಾರಿಗೆ, ಚಂದ್ರನಗರದ ಹತ್ತಿರ. ಸೆರಾಂಪುರದಲ್ಲಿ ಬಡಗಿ ಕೆಲಸ ಮಾಡಿಕೊಂಡು ಸಂಸಾರ ನಡೆಸುತ್ತಿದ್ದರು. ಇಲ್ಲಿ ಒಂದು ವಿಷಯವನ್ನು ಬಿಡಬಾರದು. ಮಿಶನರಿಗಳು ಸಿಗುವ ಮೊದಲೇ ಅವರು ಧರ್ಮದ ಹುಡುಕಾಟದಲ್ಲಿದ್ದರು. ವರ್ಷಗಟ್ಟಲೆ ಅವರು ಕರ್ತಾಭಜಾ ಎಂಬ ಪಂಥದಲ್ಲಿದ್ದರು.

ಕರ್ತಾಭಜಾ ಅಂದರೆ ಕರ್ತನನ್ನು ಭಜಿಸುವವರು. ಗುರುವೇ ಅವರಿಗೆ ಕರ್ತ. ಘೋಷ್‌ಪಾರಾ ಎಂಬ ಊರು ಅವರ ಕೇಂದ್ರ. ಬೇರೆ ಬೇರೆ ಜಾತಿಯವರು ಒಟ್ಟಿಗೆ ಕೂತು ಹಾಡುತ್ತಿದ್ದರು. ನಮ್ಮಲ್ಲಿ ಉತ್ತರ ಕರ್ನಾಟಕದ ಮಠಗಳಲ್ಲಿ ರಾತ್ರಿಯಿಡೀ ತತ್ವಪದ ಹಾಡುತ್ತಾರಲ್ಲ, ಗುರು, ದೇಹ, ಮನಸ್ಸು ಅಂತ ಒಗಟಿನ ಹಾಗೆ ಪದ ಕಟ್ಟುತ್ತಾರಲ್ಲ, ಅದರ ಬಂಗಾಳಿ ನೆಂಟ ಅಂತ ಊಹಿಸಿಕೊಳ್ಳಬಹುದು. ಕರ್ತಾಭಜಾದವರದು ಒಂದು ವಿಶೇಷ ನಡೆ. ಒಳಗೆ ಕೂಟದಲ್ಲಿ ಜಾತಿ ಇಲ್ಲ, ಹೊರಗೆ ಬೀದಿಯಲ್ಲಿ ಜಾತಿಯ ಕಟ್ಟಳೆ ಬಿಡುವಂತಿಲ್ಲ.

1800ರ ನವೆಂಬರ್ ಕೊನೆಯಲ್ಲಿ ಕೃಷ್ಣ ಪಾಲ್ ಸ್ನಾನಕ್ಕೆಂದು ಹೋಗಿ ಜಾರಿ ಬಿದ್ದರು. ಬಲ ಭುಜದ ಕೀಲು ತಪ್ಪಿತು. ಬಡಗಿಗೆ ಬಲಗೈ ಹೋದರೆ ಅನ್ನ ಹೋದಂತೆ, ಅಲ್ವಾ? ಮಿಶನ್ ಮನೆಯಲ್ಲಿ ಒಬ್ಬ ಡಾಕ್ಟರ್ ಇದ್ದಾರೆಂದು ಕೇಳಿ ಹೇಳಿಕಳಿಸಿದರು. ಡಾಕ್ಟರ್ ಜಾನ್ ಥಾಮಸ್, ಕೇರಿ, ಮಾರ್ಶ್‌ಮನ್ ಬಂದರು. ಆಗ ಅರಿವಳಿಕೆ ಇಲ್ಲ. ಕೃಷ್ಣ ಪಾಲ್ ಅವರನ್ನು ಒಂದು ಮರಕ್ಕೆ ಕಟ್ಟಿ, ತೋಳನ್ನು ಎಳೆದು ಕೀಲು ಕೂರಿಸಿದರು. ಆ ನೋವಿನ ನಡುವೆ ಅವರು ಅತ್ತದ್ದು ತೋಳಿಗಾಗಿ ಅಲ್ಲ, 'ನಾನು ಪಾಪಿ, ನನ್ನನ್ನು ಕಾಪಾಡಿ' ಎಂದು. ಆಮೇಲೆ ದಿನವೂ ಮಿಶನ್ ಮನೆಗೆ ಹೋಗಿ ಪಾಠ ಕೇಳತೊಡಗಿದರು. ಜೊತೆಗೆ ಗೋಕುಲ್ ಎಂಬ ಗೆಳೆಯನೂ ಬರುತ್ತಿದ್ದ.

ಒಂದು ಊಟ ಯಾಕೆ ಗಲಾಟೆಯಾಯಿತು?

1800ರ ಡಿಸೆಂಬರ್ 22ರಂದು ಕೃಷ್ಣ ಪಾಲ್ ಮತ್ತು ಗೋಕುಲ್ ಮಿಶನರಿಗಳ ಜೊತೆ ಒಂದೇ ಮೇಜಿನಲ್ಲಿ ಕೂತು ಉಂಡರು.

ಇಂದು ಓದುವವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಆದರೆ ನಮ್ಮ ಅಜ್ಜ ಅಜ್ಜಿಯರ ಕಾಲದ ಪಂಕ್ತಿಭೇದವನ್ನು ಕೇಳಿ ಬಲ್ಲವರಿಗೆ ಗೊತ್ತಾಗುತ್ತದೆ. ಯಾರ ಜೊತೆ ಉಣ್ಣುತ್ತೀರಿ ಎನ್ನುವುದರ ಮೇಲೆ ನೀವು ಯಾರು ಅನ್ನುವುದು ನಿಂತಿತ್ತು. ಜಾತಿಯಿಂದ ಹೊರಗೆ ಹಾಕಿದರೆ ಮಗಳಿಗೆ ಗಂಡು ಸಿಗುವುದಿಲ್ಲ, ಸತ್ತರೆ ಹೆಣ ಹೊರುವವರಿರುವುದಿಲ್ಲ. ಮನಸ್ಸಿನಲ್ಲಿ ಏನು ನಂಬಿದರೂ ಊರು ಸುಮ್ನಿರುತ್ತಿತ್ತು. ಊಟ ಮಾತ್ರ ಎಲ್ಲರಿಗೂ ಕಾಣುವಂಥದ್ದು. ಕರ್ತಾಭಜಾದಲ್ಲಿ ಒಳಗೊಳಗೇ ದಾಟಿದ್ದ ಗೆರೆಯನ್ನು ಕೃಷ್ಣ ಪಾಲ್ ಅವತ್ತು ಬೆಳಕಿನಲ್ಲಿ ದಾಟಿದರು. ಅವರ ಬದುಕಿನ ನಿಜವಾದ ತಿರುವು ಇದೇ ಎನಿಸುತ್ತದೆ. 'ಜಾತಿಯ ಸರಪಳಿ ಮುರಿಯಿತು' ಎಂಬರ್ಥದಲ್ಲಿ ವಾರ್ಡ್ ಬರೆದುಕೊಂಡರು.

ಸುದ್ದಿ ಹಬ್ಬಿತು. ಸುಮಾರು 2,000 ಜನ ಸೇರಿದರೆಂದು ಮಿಶನ್ನಿನ ದಾಖಲೆ ಹೇಳುತ್ತದೆ. ಇಬ್ಬರನ್ನೂ ಎಳೆದುಕೊಂಡು ಹೋಗಿ ಡೇನಿಶ್ ಅಧಿಕಾರಿಗಳ ಮುಂದೆ ನಿಲ್ಲಿಸಿದರು. ಗವರ್ನರ್ ಓಲೆ ಬೀ ಇಬ್ಬರನ್ನೂ ಬಿಟ್ಟು ಕಳಿಸಿ, ರಕ್ಷಣೆಯನ್ನೂ ಕೊಟ್ಟರು. ಆದರೂ ಕಷ್ಟ ಮುಗಿಯಲಿಲ್ಲ. ಕೃಷ್ಣ ಪಾಲ್ ಅವರ ಮಗಳು ಗೋಲೊಕ್‌ಗೆ ಎಳೆಯ ವಯಸ್ಸಿನಲ್ಲೇ ಸಂಬಂಧ ಗೊತ್ತಾಗಿತ್ತು. ಆ ಕಡೆಯವರು ಅವಳನ್ನು ಬಲವಂತವಾಗಿ ಎತ್ತಿಕೊಂಡು ಹೋದರು. ಅಪ್ಪನ ತೀರ್ಮಾನಕ್ಕೆ ಮಗಳು ತೆತ್ತ ಬೆಲೆ ಅದು.

ಹೂಗ್ಲಿಯ ನೀರು

ಡಿಸೆಂಬರ್ 28, ಭಾನುವಾರ. ಮಿಶನ್ ಮನೆಯ ಮುಂದಿನ ಘಾಟಿನಲ್ಲಿ ಯುರೋಪಿಯನ್ನರು, ಹಿಂದೂಗಳು, ಮುಸ್ಲಿಮರು ಗುಂಪುಗೂಡಿದ್ದರು. ಕೇರಿ ಒಂದು ಪಕ್ಕದಲ್ಲಿ ತಮ್ಮ ಹದಿಹರೆಯದ ಮಗ ಫೆಲಿಕ್ಸ್‌ನನ್ನೂ, ಇನ್ನೊಂದು ಪಕ್ಕದಲ್ಲಿ ಕೃಷ್ಣ ಪಾಲ್ ಅವರನ್ನೂ ಕರೆದುಕೊಂಡು ಬಂದರು. ಗೋಕುಲ್ ಅವತ್ತು ಹಿಂದೆ ಉಳಿದ.

ನೀರಿಗಿಳಿಯುವ ಮೊದಲು ಕೇರಿ ಜನರಿಗೆ ಒಂದು ಮಾತು ಹೇಳಿದರು. ಈ ನದಿಯನ್ನು ನಾವು ಪವಿತ್ರ ಅಂತ ತಿಳಿದಿಲ್ಲ, ಇದು ಬರೀ ನೀರು. ಇದನ್ನು ಹೇಳಲೇಬೇಕಿತ್ತು. ಯಾಕೆಂದರೆ ಹೂಗ್ಲಿ ಅಂದರೆ ಗಂಗೆಯದೇ ಒಂದು ಕವಲು. ದಿನವೂ ಸಾವಿರಾರು ಜನ ಪಾಪ ತೊಳೆಯಲೆಂದು ಮುಳುಗುವ ನೀರಿನಲ್ಲೇ ಇವರೂ ಮುಳುಗಬೇಕಿತ್ತು. ನೋಡುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಬ್ಯಾಪ್ಟಿಸ್ಟರ ಪ್ರಕಾರ ನೀರು ಪಾಪ ತೊಳೆಯುವುದಿಲ್ಲ. ಮುಳುಗುವುದು ಹಳೆಯ ಬಾಳು ಸತ್ತದ್ದಕ್ಕೆ ಗುರುತು, ಏಳುವುದು ಹೊಸ ಬಾಳಿಗೆ ಗುರುತು, ಅಷ್ಟೇ.

ಮೊದಲು ಫೆಲಿಕ್ಸ್‌ಗೆ ಇಂಗ್ಲಿಷಿನಲ್ಲಿ, ಆಮೇಲೆ ಕೃಷ್ಣ ಪಾಲ್ ಅವರಿಗೆ ಬಂಗಾಳಿಯಲ್ಲಿ ದೀಕ್ಷಾಸ್ನಾನವಾಯಿತು. ನೋಡುತ್ತಿದ್ದ ಗವರ್ನರ್ ಕಣ್ಣೀರು ಹಾಕಿದರು. ಆದರೆ ಈ ದಿನಕ್ಕಾಗಿ ಎಲ್ಲರಿಗಿಂತ ಜಾಸ್ತಿ ಕಾದಿದ್ದ ಡಾಕ್ಟರ್ ಥಾಮಸ್ ಅಲ್ಲಿರಲಿಲ್ಲ. ಅವರು 1783ರಲ್ಲೇ ಹಡಗಿನ ವೈದ್ಯರಾಗಿ ಬಂಗಾಳಕ್ಕೆ ಬಂದಿದ್ದವರು. 17 ವರ್ಷದ ಕಾಯುವಿಕೆ ಫಲ ಕೊಟ್ಟ ಸಂತೋಷದಲ್ಲಿ ಅವರ ಬುದ್ಧಿ ಸ್ಥಿಮಿತ ತಪ್ಪಿತು. ಅವರನ್ನು ಕೋಣೆಯಲ್ಲಿ ಕೂಡಿಹಾಕಬೇಕಾಯಿತು. ಕೇರಿಯ ಹೆಂಡತಿ ಡೊರೊತಿಗೂ ಮೊದಲಿನಿಂದ ಮನೋರೋಗವಿತ್ತು. ಹೊರಗೆ ಹಾಡು, ಒಳಗೆ ಇಬ್ಬರು ರೋಗಿಗಳ ಕೂಗು. ಮಿಶನ್ನಿನ ಗೆಲುವಿನ ದಿನ ಎಂದು ಬರೆಯುವವರು ಈ ಭಾಗವನ್ನು ಬಿಡಬಾರದು.

ದೀಕ್ಷೆಯಾದ ಮೇಲೂ ಅವರ ಹೆಸರು ಕೃಷ್ಣ ಪಾಲ್ ಎಂದೇ ಉಳಿಯಿತು. ಸೆರಾಂಪುರದವರು ಹೆಸರು ಬದಲಿಸುವುದು ಬೇಡ ಎಂದು ತೀರ್ಮಾನಿಸಿದ್ದರು. ಯೇಸುವಿನ ಮೊದಲ ಶಿಷ್ಯರೂ ಜನರ ಹಳೆಯ ಹೆಸರುಗಳನ್ನು ಹಾಗೇ ಬಿಟ್ಟಿದ್ದರಲ್ಲ ಎನ್ನುವುದು ಅವರ ವಾದ.

'ಮೊದಲ ಕ್ರೈಸ್ತ' ಅನ್ನುವುದು ಸರಿಯೇ?

ಕೆಲವು ಕಡೆ ಇವರನ್ನು ಭಾರತದ ಮೊದಲ ಕ್ರೈಸ್ತ ಎಂದು ಬರೆದಿರುತ್ತಾರೆ. ಅದು ತಪ್ಪು. ಕೇರಳದ ಸಿರಿಯನ್ ಕ್ರೈಸ್ತರು ಇವರಿಗಿಂತ ಎಷ್ಟೋ ಶತಮಾನ ಹಳಬರು. ಗೋವಾ, ಮಂಗಳೂರಿನ ಕ್ಯಾಥೊಲಿಕರೂ ಹಾಗೇ. ತಮಿಳುನಾಡಿನ ತರಂಗಂಬಾಡಿಯಲ್ಲಿ 1706ರಿಂದಲೇ ಪ್ರಾಟೆಸ್ಟೆಂಟ್ (ಕ್ಯಾಥೊಲಿಕರಿಂದ ಬೇರೆಯಾದ ಕ್ರೈಸ್ತರ) ಮಿಶನ್ ಇತ್ತು. ಕೃಷ್ಣ ಪಾಲ್ ಸೆರಾಂಪುರದ ಬ್ಯಾಪ್ಟಿಸ್ಟ್ ಮಿಶನ್ನಿನಲ್ಲಿ ದೀಕ್ಷೆ ಪಡೆದ ಮೊದಲ ಬಂಗಾಳಿ. ಅಷ್ಟು ಹೇಳಿದರೆ ಸಾಕು.

ಬಡಗಿಯ ಕೈ, ಬೋಧಕರ ಮಾತು

ದೀಕ್ಷೆಯಾದ ಸ್ವಲ್ಪ ದಿನಕ್ಕೆ ಕೃಷ್ಣ ಪಾಲ್ ತಮ್ಮ ಮನೆಯ ಹತ್ತಿರ ಒಂದು ಚಿಕ್ಕ ಪ್ರಾರ್ಥನಾ ಮನೆ ಕಟ್ಟಿದರು. ಕೇರಿ ಅಲ್ಲಿ ಬಂದು ಬಂಗಾಳಿಯಲ್ಲಿ ಬೋಧಿಸಿದರು. 1801ರಲ್ಲಿ ಕೃಷ್ಣ ಪಾಲ್ ಅವರ ಹೆಂಡತಿ, ನಾದಿನಿ ಜಯಮಣಿ ಕೂಡ ದೀಕ್ಷೆ ಪಡೆದರು.

1803ರಲ್ಲಿ ಕೃಷ್ಣ ಪ್ರಸಾದ್ ಎಂಬ ಬ್ರಾಹ್ಮಣ ಹುಡುಗ ಕೃಷ್ಣ ಪಾಲ್ ಅವರ ಇನ್ನೊಬ್ಬ ಮಗಳನ್ನು ಮದುವೆಯಾದ. ಬ್ರಾಹ್ಮಣ ವರ, ಬಡಗಿಯ ಮಗಳು ವಧು. ಅದೇ ವರ್ಷ ಗೆಳೆಯ ಗೋಕುಲ್ ತೀರಿಕೊಂಡ. ಹೆಣ ಹೊರುವವರು ಯಾರು ಎಂಬ ಪ್ರಶ್ನೆ ಎದ್ದಿತು. ಹಿಂದೆ ಹೇಳಿದ ಬಹಿಷ್ಕಾರದ ಭಯ ಇದೇ. ಕೃಷ್ಣ ಪಾಲ್ ಸ್ವಂತ ಖರ್ಚಿನಲ್ಲಿ ಶವಪೆಟ್ಟಿಗೆಗೆ ಒಳಗೂ ಹೊರಗೂ ಬಿಳಿ ಮಸ್ಲಿನ್ ಬಟ್ಟೆ ಹೊದಿಸಿದರು. ಅದನ್ನು ಹೆಗಲ ಮೇಲೆ ಹೊತ್ತವರು ಮಾರ್ಶ್‌ಮನ್, ಫೆಲಿಕ್ಸ್ ಕೇರಿ, ಬ್ರಾಹ್ಮಣರಾಗಿದ್ದು ಕ್ರೈಸ್ತರಾದ ಭೈರವ್, ಮುಸ್ಲಿಮರಾಗಿದ್ದು ಕ್ರೈಸ್ತರಾದ ಪೀರು. ಬಂಗಾಳಿಯಲ್ಲಿ ಹಾಡುತ್ತಾ ಬೀದಿಯಲ್ಲಿ ನಡೆದರು. ಊರಿನವರು ಬಾಗಿಲಿಗೆ ಬಂದು ನಿಂತು ನೋಡಿದರು.

ಮುಂದೆ ಕೃಷ್ಣ ಪಾಲ್ ಕಲ್ಕತ್ತದಲ್ಲಿ ಮನೆ ಮನೆಗೆ ಹೋಗಿ ಬೋಧಿಸಿದರು. 1813ರಲ್ಲಿ ಸಿಲ್ಹೆಟ್ ಕಡೆಗೆ, ಖಾಸಿ ಬೆಟ್ಟಗಳ ಬುಡದ ಪಾಂಡುವಾಕ್ಕೆ ಹೋದರು. ಅಲ್ಲಿ ಅವರು ದೀಕ್ಷೆ ಕೊಟ್ಟವರಲ್ಲಿ ಇಬ್ಬರು ಖಾಸಿಗಳು: ಉ ದುವಾನ್ ಮತ್ತು ಉ ಅನ್ನಾ. ಇಂದಿನ ಮೇಘಾಲಯದ ಪ್ರಾಟೆಸ್ಟೆಂಟ್ ಚರಿತ್ರೆ ಬರೆಯುವವರು ಇಲ್ಲಿಂದಲೇ ಶುರುಮಾಡುತ್ತಾರೆ. ನಾಗಾಲ್ಯಾಂಡಿಗೆ ಬ್ಯಾಪ್ಟಿಸ್ಟರು ಬಂದದ್ದು ಬೇರೆ ದಾರಿಯಲ್ಲಿ, ಅಮೆರಿಕನ್ ಮಿಶನರಿಗಳ ಮೂಲಕ, ಎಷ್ಟೋ ವರ್ಷಗಳ ನಂತರ. 2011ರ ಜನಗಣತಿಯಲ್ಲಿ ಅಲ್ಲಿ ಶೇ 88ರಷ್ಟು ಜನ ಕ್ರೈಸ್ತರು, ಅವರಲ್ಲಿ ಹೆಚ್ಚಿನವರು ಬ್ಯಾಪ್ಟಿಸ್ಟರು. ಆದರೆ ಈಶಾನ್ಯದ ಬೆಟ್ಟಗಳ ಬುಡಕ್ಕೆ ಅಷ್ಟು ಮೊದಲೇ ಹೋಗಿ ನಿಂತವರು ಒಬ್ಬ ಬಂಗಾಳಿ ಬಡಗಿ ಅನ್ನುವುದು ಹೆಚ್ಚು ಜನರಿಗೆ ಗೊತ್ತಿಲ್ಲ.

ಬೋಧಕರಿಗೆ ಹಾಡು ಯಾಕೆ ಬೇಕು?

ಇಂಗ್ಲೆಂಡಿನ ಮೊದಮೊದಲ ಬ್ಯಾಪ್ಟಿಸ್ಟರಲ್ಲಿ ಆರಾಧನೆಯಲ್ಲಿ ಹಾಡಬಹುದೇ ಎಂಬುದೇ ದೊಡ್ಡ ಜಗಳವಾಗಿತ್ತು. ಬೈಬಲಿನಲ್ಲಿ ಇಲ್ಲದ ಪದ್ಯವನ್ನು ಮನುಷ್ಯರು ಕಟ್ಟಿ ಹಾಡುವುದು ಸರಿಯಲ್ಲ ಎಂದು ಕೆಲವರು ಹಟ ಹಿಡಿದರು. ಲಂಡನ್ನಿನ ಬೋಧಕ ಬೆಂಜಮಿನ್ ಕೀಚ್ 17ನೇ ಶತಮಾನದ ಕೊನೆಯ ಭಾಗದಲ್ಲಿ ಹಾಡಿನ ಪರ ನಿಂತರು. ಮುಂದಿನ ಶತಮಾನದ ಹೊತ್ತಿಗೆ ಬೋಧಕರು ತಮ್ಮ ಪ್ರಸಂಗಕ್ಕೆ ಹೊಂದುವ ಹಾಡನ್ನು ತಾವೇ ಬರೆಯುವುದು ರೂಢಿಯಾಯಿತು. ಒಂದು ಗಂಟೆ ಕೇಳಿದ್ದು ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ, ನಾಲ್ಕು ಸಾಲಿನ ಹಾಡು ಬಾಯಲ್ಲಿ ಉಳಿಯುತ್ತದೆ. ಹರಿಕಥೆ ದಾಸರು ಕಥೆಯ ನಡುವೆ ಪದ ಹಾಡುವುದೂ ಇದೇ ಕಾರಣಕ್ಕೆ ತಾನೆ?

ಬಂಗಾಳದಲ್ಲಿ ಇದರ ಅಗತ್ಯ ಇನ್ನೂ ಜಾಸ್ತಿ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಬಂಗಾಳಿಯಲ್ಲಿ 1801ರಲ್ಲಿ ಅಚ್ಚಾಯಿತು. ಆದರೆ ಓದಬಲ್ಲವರು ಎಷ್ಟು ಮಂದಿ? ಹಾಡಾದರೆ ಘಾಟಿನಲ್ಲಿ, ಸಂತೆಯಲ್ಲಿ, ದೋಣಿಯಲ್ಲಿ ಎಲ್ಲರಿಗೂ ದಕ್ಕುತ್ತದೆ.

ಕೃಷ್ಣ ಪಾಲ್ ಅವರ ಹೆಸರು ಉಳಿಸಿದ ಹಾಡನ್ನು ಮಾರ್ಶ್‌ಮನ್ ಇಂಗ್ಲಿಷಿಗೆ ತಂದರು. ಅದರ ಹುರುಳು ಹೀಗಿದೆ. ನಿನ್ನ ಸಂಕಟವನ್ನೆಲ್ಲ ಹೊತ್ತ ಗೆಳೆಯನನ್ನು ಮರೆಯಬೇಡ, ಬೇರೆ ಮೂರ್ತಿಗಳನ್ನೆಲ್ಲ ಮರೆತರೂ ಆತನನ್ನು ಮರೆಯಬೇಡ. ನಿನ್ನ ಹಳೆಯ ನಡೆ ಬಿಡು, ಸಿಂಹಾಸನ ಬಿಟ್ಟು ಬಂದು ನಿನಗಾಗಿ ಪ್ರಾಣ ಕೊಟ್ಟವನ ಕಡೆ ಓಡು. ಮೂರನೆಯ ನುಡಿಯಲ್ಲಿ ಒಂದು ಪ್ರಶ್ನೆ: ಸತ್ಯವೂ ಚೆಲುವೂ ಆತನಲ್ಲಿರುವಾಗ ಮರೆಯಲಾದೀತೇ? ನಾಲ್ಕನೆಯದು ಉತ್ತರ: ಇಲ್ಲ, ಉಸಿರು ಹೋಗುವ ತನಕ ಆ ಹೆಸರು ಎದೆಯನ್ನು ಬೆಚ್ಚಗಿಡುತ್ತದೆ.

ಹಾಡು ಮಾತಾಡುವುದು ಯಾರ ಜೊತೆ, ಗಮನಿಸಿ. ದೇವರ ಜೊತೆಗಲ್ಲ, ಜನರ ಜೊತೆಗಲ್ಲ, ತನ್ನದೇ ಒಳಗಿನ ಜೊತೆ. ಇಂಗ್ಲಿಷಿನಲ್ಲಿ ಅದು 'ನನ್ನ ಆತ್ಮವೇ' ಎಂದಾಗಿದೆ. ಕನ್ನಡದ ಕಿವಿಗೆ ಅದು 'ಮನವೇ' ಎಂದೇ ಕೇಳಿಸುತ್ತದೆ. ನಮ್ಮ ದಾಸರು ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುವ ರೀತಿ ಇದು. ಬಂಗಾಳದಲ್ಲೂ ಕಾಳಿಯ ಭಕ್ತ ರಾಮಪ್ರಸಾದ್ ಸೇನ್, ಊರೂರು ಅಲೆದು ಹಾಡುವ ಬಾವುಲರು ಹೀಗೇ 'ಮನ' ಎಂದು ಕರೆದು ಹಾಡುತ್ತಿದ್ದರು. ಬೈಬಲಿನ ಕೀರ್ತನೆಗಳಲ್ಲೂ ಈ ರೀತಿ ಇದೆ ನಿಜ. ಆದರೆ ವರ್ಷಗಟ್ಟಲೆ ಕರ್ತಾಭಜಾದ ಕೂಟಗಳಲ್ಲಿ ಹಾಡಿದ್ದ ಬಡಗಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ ಅಂತ ನನಗನಿಸುತ್ತದೆ. ನಂಬಿಕೆ ಹೊಸದು, ಹಾಡಿನ ದಾರಿ ಹಳೆಯದು.

ಕನ್ನಡಕ್ಕೆ ಇರುವ ನಂಟು

ಇದೇ ಸೆರಾಂಪುರದ ಅಚ್ಚುಕೂಟದಲ್ಲಿ 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಯಿತು. ಇಂಗ್ಲಿಷಿನವರಿಗೆ ಕನ್ನಡ ಕಲಿಸಲು ಬರೆದದ್ದು. ಕನ್ನಡ ಅಚ್ಚುಮೊಳೆ ಕಂಡ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಆಗ ಕೃಷ್ಣ ಪಾಲ್ ಇನ್ನೂ ಬದುಕಿದ್ದರು. 1818ರಲ್ಲಿ ಸೆರಾಂಪುರ ಕಾಲೇಜು ಶುರುವಾಯಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದವರಿಗೆ ಪದವಿ ಕೊಡುವುದು ಆ ಕಾಲೇಜೇ. ಅವರ ಪದವಿಯ ಮೇಲೆ ಸೆರಾಂಪುರದ ಹೆಸರು ಇರುವುದು ಈ ಕಾರಣಕ್ಕೆ.

1822

ಆ ವರ್ಷ ಕೃಷ್ಣ ಪಾಲ್ ಅವರಿಗೆ ವಾಂತಿಭೇದಿ ತಗುಲಿತು. ಸೆರಾಂಪುರದಲ್ಲೇ ತೀರಿಕೊಂಡರು. ದೀಕ್ಷೆಯಾಗಿ 21 ವರ್ಷ ದಾಟಿತ್ತು. ಅವರ ಬದುಕಿನ ಚಿಕ್ಕ ಚರಿತ್ರೆಯನ್ನು ಬರೆದವರು ವಾರ್ಡ್. 1823ರ ಮಾರ್ಚಿನಲ್ಲಿ ವಾರ್ಡ್ ಕೂಡ ಅದೇ ವಾಂತಿಭೇದಿಗೆ ಬಲಿಯಾದರು.

ಹಾಡು ಮುಂದೆ ಇಂಗ್ಲೆಂಡ್, ಅಮೆರಿಕದ ಹಾಡಿನ ಪುಸ್ತಕಗಳನ್ನು ಸೇರಿತು. ಅನುವಾದಕರ ಜಾಗದಲ್ಲಿ ಮಾರ್ಶ್‌ಮನ್ ಎಂದಿದೆ. ಬರೆದವರ ಜಾಗದಲ್ಲಿ, ಚಾರ್ಲ್ಸ್, ಜಾನ್, ಐಸಾಕ್ ಎಂಬ ಹೆಸರುಗಳ ನಡುವೆ, ಕೃಷ್ಣ ಪಾಲ್ ಎಂದಿದೆ.